ತೀರಿಸಿದ ಹರಕೆ

ನಂಜನಗೂಡಿನಲ್ಲಿ ಬೋಳು ತಲೆಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಕಪಿಲೆಯಲ್ಲಿ ಮುಳುಗಿ, ನೆತ್ತಿಗೆ ಗಂಧ ಮೆತ್ತಿಕೊಂಡವರು ದಿನವೂ ನಮ್ಮ ಕಾಲೇಜಿನ ಮುಂದೆ ಹಾದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಹಾಗಾಗಿ ಆ ಮಧ್ಯಾಹ್ನ ಗೇಟಿನ ಬಳಿ ನಿಂತಿದ್ದವನು ನನ್ನ ಗೆಳೆಯ ಎಂದು ತಿಳಿಯಲು ಅವನೇ ನನ್ನನ್ನು ಕೂಗಬೇಕಾಯಿತು. ಅದು ಸೋಮವಾರ ಎಂದು ನೆನಪು. ಆದರೆ ನಂಜನಗೂಡಿನ ನೆನಪುಗಳೆಲ್ಲ ನನಗೆ ಸೋಮವಾರವೇ ನಡೆದಂತೆ ಕಾಣುತ್ತವೆ, ಆದ್ದರಿಂದ ನಂಬಲಾರೆ. ತೊಂಬತ್ತರ ದಶಕದ ಕೊನೆ ಎಂಬುದಷ್ಟೇ ಖಚಿತ.

ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ನಾನು ಭೌತಶಾಸ್ತ್ರದ ಮೇಷ್ಟ್ರಾಗಿ ಇಲ್ಲಿಗೆ ಬಂದೆ. ಅವನು ತನ್ನ ಊರು ತಿ. ನರಸೀಪುರದಲ್ಲಿ ಟೈಪಿಂಗ್ ಶಾಲೆ ತೆರೆದ. ಜಾತಕ, ಹರಕೆಗಳನ್ನು ಗೇಲಿ ಮಾಡುವುದರಲ್ಲಿ ಅವನು ನನಗಿಂತ ಒಂದು ಕೈ ಮೇಲು.

ವರ್ಷಕ್ಕೆ ಒಂದೆರಡು ಸಲ ಅವನು ಏರುತ್ತಿದ್ದ. ಬೇರೆ ಪದ ನನ್ನಲ್ಲಿರಲಿಲ್ಲ. ನಿದ್ದೆ ಬಿಟ್ಟು, ತಾಲ್ಲೂಕು ಕಚೇರಿಗೆ ಬಂದವರಿಗೆಲ್ಲ ಪುಕ್ಕಟೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ. “ಹೆಮ್ಮಿಗೇಲೊಂದು, ಮೂಗೂರಲ್ಲೊಂದು ಬ್ರಾಂಚ್ ಮಾಡ್ತೀನಿ ಕಣ್ಲಾ, ನೀನು ಬಂದು ರಿಬ್ಬನ್ ಕತ್ತರ್ಸು” ಎನ್ನುತ್ತಿದ್ದ. ಆಮೇಲೆ ಇಳಿಯುತ್ತಿದ್ದ. ಶಟರನ್ನು ಅರ್ಧ ಎಳೆದು, ಒಳಗೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಕಲಿಯಲು ಬಂದ ಹುಡುಗಿಯರು ಬಗ್ಗಿ ಒಳಗೆ ಬಂದು, ತಾವೇ ಟೈಪ್ ಮಾಡಿ, ಸದ್ದಿಲ್ಲದೆ ಹೋಗುತ್ತಿದ್ದರು. ಊರಿನವರು ಮೊದಲನೆಯದನ್ನು ಹುರುಪೆಂದರು, ಎರಡನೆಯದನ್ನು ಸೋಮಾರಿತನವೆಂದರು. ನಾನು ಯಾವುದೋ ಪತ್ರಿಕೆಯಲ್ಲಿ ಎರಡು ಪುಟ ಓದಿಕೊಂಡು, ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸು ಎಂದಿದ್ದೆ. “ಹುಚ್ಚಾಸ್ಪತ್ರೆಗಾ?” ಎಂದು ನಕ್ಕಿದ್ದ.

ಆ ದಿನ ಕಾಫಿ ಮುಂದಿಟ್ಟುಕೊಂಡು ಕೇಳಿದೆ, “ಏನ್ಲಾ ಇದು ತಲೆ?”

“ಮುಡಿ ಕೊಟ್ಟೆ. ನಾನು ಮಗು ಆಗಿದ್ದಾಗ ಅವ್ವ ಕಟ್ಕೊಂಡಿದ್ದ ಹರಕೆ. ಹಂಗೇ ಉಳ್ಕಂಡಿತ್ತು.”

“ನಿಂಗೆ ಭಕ್ತಿ ಯಾವಾಗ ಬಂತು? ನಿನ್ ಕೂದ್ಲು ತಗೊಂಡು ದೇವ್ರೇನು ಹಾಸ್ಗೆ ತುಂಬುಸ್ಕೊತಾನಾ?”

“ಏನೂ ಮಾಡಲ್ಲ. ನಂಗೂ ಗೊತ್ತು.”

“ಮತ್ಯಾಕೆ?”

“ಅವ್ವಂಗೊಂದು ಸಮಾಧಾನ. ಯಾವ್ದೂ ಬಾಕಿ ಇರಬಾರ್ದು ಅನ್ನುಸ್ತು.”

ನಾನು ಅರ್ಧ ಗಂಟೆ ಮಾತಾಡಿದೆ. ಕೂದಲೆಂದರೆ ಸತ್ತ ಕೋಶ, ಉಗುರಿನಂತೆ. ಇಷ್ಟು ಓದಿದವನೇ ಹೀಗೆ ಮಾಡಿದರೆ ಊರಿನವರಿಗೆ ಯಾರು ಹೇಳಬೇಕು, ಇತ್ಯಾದಿ. ಅವನು ಲೋಟವನ್ನು ಮೇಜಿನ ಮೇಲೆ ಸುತ್ತಿಸುತ್ತ ಕೂತಿದ್ದ. “ನೀನೇ ಗೆದ್ದೆ ಬುಡು” ಎಂದು ಬಸ್ ಹತ್ತಿದ. ನನಗೆ ಖುಷಿಯಾಗಿತ್ತು. ಅದು ಮಾತ್ರ ಚೆನ್ನಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಪಾಠದ ನಡುವೆ, ಬೋರ್ಡಿನ ಕಡೆ ತಿರುಗಿದ್ದಾಗ, ಆ ಮಾತು ಮತ್ತೆ ಕೇಳಿಸಿತು. ಯಾವುದೂ ಬಾಕಿ ಇರಬಾರದು. ದೇವರನ್ನು ನಂಬದವನು ತಾಯಿಯ ಹಳೆಯ ಹರಕೆಯನ್ನು ಇದ್ದಕ್ಕಿದ್ದಂತೆ ಯಾಕೆ ತೀರಿಸುತ್ತಾನೆ? ಬರೆಯುತ್ತಿದ್ದ ಸಮೀಕರಣವನ್ನು ಅರ್ಧಕ್ಕೇ ನಿಲ್ಲಿಸಿದೆ. ತರಗತಿ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದೆ. ಅವನ ಟೈಪಿಂಗ್ ಶಾಲೆಯ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ.

ನರಸೀಪುರದ ಬಸ್ಸು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಿತ್ತು. ಹತ್ತುವವರ ಮುಖಗಳನ್ನೇ ನೋಡುತ್ತಿದ್ದೆ, ಅಲ್ಲಿಂದ ಏನಾದರೂ ಸುದ್ದಿ ತಂದಿದ್ದಾರೆಯೇ ಎಂದು. ಯಾರೋ ಹಿಂದಿನ ಸೀಟಿನಲ್ಲಿ ‘ಪಾಪ, ಇನ್ನೂ ಮದ್ವೆ ಆಗಿರ್ನಿಲ್ಲ’ ಎಂದರು. ಬೇರೆ ಯಾರದೋ ಮಾತು. ಅದು ಮುಗಿಯುವವರೆಗೆ ನಾನು ಹಿಂದಕ್ಕೆ ತಿರುಗಿಯೇ ಕೂತಿದ್ದೆ.

ಶಟರು ಪೂರ್ತಿ ಇಳಿದಿತ್ತು. ಮನೆಯ ಜಗುಲಿಯಲ್ಲಿ ಅವನ ಅವ್ವ ಅವರೆಕಾಯಿ ಸುಲಿಯುತ್ತಿದ್ದರು. ಅವರು ಅಷ್ಟು ನೆಮ್ಮದಿಯಾಗಿದ್ದುದನ್ನು ನಾನು ಕಂಡಿರಲಿಲ್ಲ.

“ಬಾಪ್ಪ. ನೋಡ್ದಾ, ಅರಕೆ ತೀರುಸ್ಬುಟ್ಟ ನನ್ ಮಗ. ಇನ್ನೆಲ್ಲ ಸರೋಯ್ತದೆ.”

“ಎಲ್ಲವ್ವ ಅವನು?”

“ಒಳೆ ಕಡೀಕ್ ಓದ. ಉಂಡೂ ಇಲ್ಲ ಕಣಪ್ಪ. ನೀನೇ ಕರ್ಕಬಾ.”

ಅವರಿಗೆ ಏನೂ ಹೇಳದೆ ಓಡಿದೆ. ಸಂಗಮದ ಮೆಟ್ಟಿಲುಗಳ ಮೇಲೆ ಏಳೆಂಟು ಬೋಳು ತಲೆಗಳು. ಯಾವುದೋ ಮನೆಯವರು ಬೂದಿ ಬಿಡಲು ಬಂದಿದ್ದರು. ಹಿಂದಿನಿಂದ ಎಲ್ಲರೂ ಒಂದೇ. ಹೆಸರು ಹಿಡಿದು ಕೂಗಿದೆ, ಯಾರೂ ತಿರುಗಲಿಲ್ಲ. ಒಬ್ಬೊಬ್ಬರ ಮುಂದೆ ಹೋಗಿ ಮುಖ ನೋಡತೊಡಗಿದೆ.

“ಯಾರ್ನ ಉಡುಕ್ತಿದ್ದೀರಿ ಸಾ?” ಎಂದ ಒಬ್ಬ ಮುದುಕ. “ಸಾವಾಗಿರೋರ್ನ ಇಂಗಾ ಬಗ್ ಬಗ್ಗಿ ನೋಡದು?”

ನನ್ನ ಗೆಳೆಯ ಅವರೆಲ್ಲರಿಗಿಂತ ಕೆಳಗೆ, ನೀರಿಗೆ ಹತ್ತಿರದ ಮೆಟ್ಟಿಲಿನಲ್ಲಿ ಕೂತಿದ್ದ. ನಾನು ಪಕ್ಕದಲ್ಲಿ ಕೂತು ಅವನ ಅಂಗಿಯ ತೋಳು ಹಿಡಿದುಕೊಂಡೆ.

“ಸಾಯ್ಬೇಕು ಅನ್ನುಸ್ತಾ ಅದಾ?” ಎಂದು ಕೇಳಿದೆ.

“ದಿನಾ” ಎಂದ. ಆಮೇಲೆ, “ನಿನ್ನೆ ಇದನ್ನ ಕೇಳ್ತೀಯ ಅಂತ್ಲೇ ಬಂದಿದ್ದೆ ಕಣ್ಲಾ. ನೀನು ಕೂದ್ಲು ಪಾಠ ಮಾಡ್ದೆ.”

ಹೀಗೆಂದು ನನ್ನ ನೆನಪು. ಕೆಲವು ವರ್ಷಗಳ ನಂತರ ಅವನು ಬೇರೆಯೇ ಹೇಳಿದ: ನಾನು ಏನನ್ನೂ ಕೇಳಲಿಲ್ಲವಂತೆ, ಅಂಗಿ ಹಿಡಿದು ಸುಮ್ಮನೆ ಕೂತಿದ್ದೆನಂತೆ, ಅವನೇ ಹೇಳಿಕೊಂಡನಂತೆ. ನಾನು ಕೇಳಿದೆ ಎಂದು ನಂಬುವುದರಲ್ಲಿ ನನಗೆ ಲಾಭವಿದೆ. ಆದ್ದರಿಂದ ಅವನ ನೆನಪೇ ಸರಿಯಿರಬಹುದು.

ಅದೇ ವಾರ ಮೈಸೂರಿಗೆ ಹೋದೆವು. ಡಾಕ್ಟರು ಮಾತ್ರೆ ಬರೆದರು, ಕಾಯಿಲೆಯ ಹೆಸರು ಹೇಳಲಿಲ್ಲ. ಇನ್ನೂ ಕೆಲವು ಸಲ ನೋಡಬೇಕು ಎಂದರು. ಮೂರು ಸಲ ಹೋದೆವು. ನಾಲ್ಕನೆಯ ಸಲದ ಹೊತ್ತಿಗೆ ಅವನು ಏರಿದ್ದ. “ಚೆನ್ನಾಗೇ ಇದ್ದೀನಲ್ಲ, ಇನ್ಯಾಕೆ?” ಎಂದು ಬರಲಿಲ್ಲ. ಅವ್ವ ಹರಕೆಯ ಫಲವೆಂದರು. ನಾನೂ, ವಾದ ಮಾಡಿ ಸುಸ್ತಾಗಿದ್ದವನು, ಹೂಂ ಅಂದೆ.

ಅಂದಿನಿಂದ ಅವನ ನಗುವೂ ನನಗೆ ಹೆದರಿಕೆ. ಏರಿದಷ್ಟು ಆಳಕ್ಕೆ ಇಳಿಯುತ್ತಾನೆ ಎಂದು ನನ್ನ ಲೆಕ್ಕ. ಅದಕ್ಕೆ ಆಧಾರವೇನೆಂದು ಕೇಳಿದರೆ ಹೇಳಲಾರೆ.

ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದ ಮೇಲೆ ಒಂದು ದಿನ ಅವ್ವ ಫೋನು ಮಾಡಿದರು. “ಮೂರ್ ದಿನ್ದಿಂದ ಮನಗಿಲ್ಲ ಕಣಪ್ಪ. ಮಾತು ನಿಲ್ತಾನೇ ಇಲ್ಲ.”

ಹೋದೆ. ಅವನು ನಿಂತುಕೊಂಡೇ ಇಬ್ಬರು ಹುಡುಗಿಯರಿಗೆ ಪಾಠ ಹೇಳುತ್ತಿದ್ದ, ಜೊತೆಗೆ ಯಾರಿಗೋ ಅರ್ಜಿ ಟೈಪ್ ಮಾಡುತ್ತಿದ್ದ.

“ಬಾರ್ಲಾ ಮೇಷ್ಟ್ರೇ. ಮೂಗೂರಲ್ಲಿ ಜಾಗ ನೋಡ್ದೆ. ಈ ಸಲ ಆಯ್ತದೆ.”

“ನಾಳೆ ಮೈಸೂರ್ಗೆ ಹೋಗವಾ?”

ಅವನ ಕೈ ಕೀಬೋರ್ಡಿನ ಮೇಲೆ ನಿಂತಿತು. “ಚೆನ್ನಾಗಿರೋನ್ನ ಯಾರಾರ ಆಸ್ಪತ್ರೆಗೆ ಕರ್ಕೊಂಡೋಯ್ತಾರಾ?”

“ನಂಗೆ ಭಯ ಆಯ್ತಾ ಅದೆ.”

“ನಾಳೆ ಆಗಲ್ಲ, ಕೆಲ್ಸ ಅದೆ.”

“ನಾಡಿದ್ದು ಹೋಗವಾ. ಅಲ್ಲೀಗಂಟ ಇಲ್ಲೇ ಇರ್ತೀನಿ.”

“ಕಾಲೇಜು?”

“ರಜ ಹಾಕಿದೀನಿ” ಎಂದೆ. ಹಾಕಿರಲಿಲ್ಲ. ಅವನು ನನ್ನನ್ನು ನೋಡಿದ, ಒಂದು ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ನಾನು ಕೂತೆ.