ಒಂದೊಂದೇ ಉಂಡಿ

ಆ ದಿನ ಮೊಮ್ಮಗಳು ಭಾಗ್ಯ ಶಾಲೆಯಿಂದ ಒಂದೇ ಚಪ್ಪಲಿ ಹಾಕಿಕೊಂಡು ಬಂದಳು.

"ಇನ್ನೊಂದು ಎಲ್ಲಿ ಬೇ?" ಎಂದೆ.

"ಯಾವ ಇನ್ನೊಂದು, ಆಯಿ?" ಎಂದಳು.

ಅಫಜಲಪುರದ ಬಜಾರು ದಾಟಿ ನಡೆದು ಬಂದರೂ ಅವಳಿಗೆ ಗೊತ್ತಾಗಿರಲಿಲ್ಲ. ಮೊಮ್ಮಕ್ಕಳೇ, ನಿಮಗೆಂದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ತಂಗಿಯನ್ನು ನೋಡಿ ಆಗ ಎಲ್ಲರೂ ನಕ್ಕೆವು. ಆದರೆ ಮೂರನೇ ತರಗತಿಗೆ ಬಂದ ಮೇಲೆ ಅವಳ ನೋಟ್‌ಬುಕ್ಕಿನ ಪುಟಗಳು ಅರ್ಧಕ್ಕೇ ನಿಲ್ಲತೊಡಗಿದವು. ಐದು ಲೆಕ್ಕ ಕೊಟ್ಟರೆ ಒಂದು ಮಾಡಿ ಕಿಟಕಿ ನೋಡುತ್ತ ಕೂಡುವಳು. ಒಂದು ಮುಂಜಾನೆ ಚೀಲವನ್ನು ಮೂಲೆಗೆ ಎಸೆದಳು.

"ನಾ ಸಾಲಿಗೆ ಹೋಗಂಗಿಲ್ಲ. ಎಲ್ಲಾರೂ ನನಗ ಹುಚ್ಚಿ ಅಂತಾರ."



ನನಗೆ ತೋಚಿದ್ದು ಒಂದೇ, ದೃಷ್ಟಿ. ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಯ ಮುಂದೆ ಅವಳ ಕೈಗೆ ಕರಿದಾರ ಕಟ್ಟಿಸಿದೆ. ದರ್ಗಾದ ತಾಯತ ಬಂತು. ಅಂದೋಲಾದಲ್ಲಿರುವ ನನ್ನ ತಂಗಿ ಇನ್ನೊಂದು ದಾರ ತಂದಳು, ಅದಕ್ಕೆ ಸಣ್ಣ ಗೆಜ್ಜೆ ಬೇರೆ. ಭಾಗ್ಯ ದಿನವಿಡೀ ಕೈ ಅಲ್ಲಾಡಿಸುತ್ತ ಆ ಗೆಜ್ಜೆಯನ್ನೇ ಕೇಳುತ್ತ ಕೂತಳು. ಅವಳ ಮನಸ್ಸು ನಿಲ್ಲಲಿ ಎಂದು ಕಟ್ಟಿದ್ದು, ಇಡೀ ತರಗತಿಯ ಮನಸ್ಸನ್ನು ಕೆಡಿಸಿತು.

ಕೊನೆಗೆ ಸೊಸೆ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದಳು. ನಾನೂ ಹೋದೆ. ಡಾಕ್ಟರು ಎರಡು ಸಲ ಕರೆಸಿ ಟೆಸ್ಟ್ ಮಾಡಿ, ಎಡಿಎಚ್‌ಡಿ ಎಂದರು. ಹುಚ್ಚೂ ಅಲ್ಲ, ಸೋಮಾರಿತನವೂ ಅಲ್ಲ, ಗಮನ ಒಂದೆಡೆ ನಿಲ್ಲುವುದು ಈ ಮಗುವಿಗೆ ಕಷ್ಟ ಎಂದು ಬಿಡಿಸಿ ಹೇಳಿದರು. ಆಮೇಲೆ ಅವಳ ಕೈ ನೋಡಿ ನಕ್ಕರು.

"ಗೆಜ್ಜಿ ಬಿಚ್ರಿ. ದಾರ ಒಂದು ಇರ್ಲಿ. ಬೆರಳಿಗಿ ಏನರ ಕೆಲಸ ಇದ್ರ ಇಕಿ ಕಿವಿ ಪಾಠದ ಕಡಿ ಇರ್ತದ."

ಶಾಲೆಗೆ ಒಂದು ಚೀಟಿ ಬರೆದುಕೊಟ್ಟರು. ಮುಂದಿನ ಸಾಲಿನಲ್ಲಿ ಕೂರಿಸಿ, ಕೆಲಸ ತುಂಡು ತುಂಡಾಗಿ ಕೊಡಿ, ನಡುವೆ ಎದ್ದು ಓಡಾಡಲು ಬಿಡಿ.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಚೀಟಿ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ನಾಲ್ಕು ಜನರ ಮುಂದೆ ನನಗೆ ಮಾತೇ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಾಗ ಎಲ್ಲ ಮಾತೂ ಅವರದೇ. ಎರಡು ದಿನ ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಮೂರನೇ ದಿನ ತಲೆಯ ಮೇಲೆ ಸೆರಗು ಎಳೆದುಕೊಂಡು ತರಗತಿಯ ಬಾಗಿಲಲ್ಲಿ ನಿಂತೆ.

ಟೀಚರು ಚೀಟಿ ಓದಿ ನಿಟ್ಟುಸಿರಿಟ್ಟರು. "ಆಯಿ, ನಲವತ್ತ ಮಕ್ಕಳು ಅದಾವ. ಇಕಿ ಒಬ್ಬಾಕಿಗಿ ತುಂಡ ತುಂಡ ಹ್ಯಾಂಗ ಕೊಡ್ಲಿ?"

ಎಲ್ಲಿಂದ ಬಂತೋ ಧೈರ್ಯ.

"ಅಕ್ಕೋರ, ಜ್ವಾಳದ ಹಿಟ್ಟು ಎಲ್ಲಾ ಒಮ್ಮೆಲೆ ನಾದಿಟ್ರ ಬಡಿಯೋವಾಗ ಬಿರೀತದ್ರಿ. ಒಂದು ಉಂಡಿ ನಾದಬೇಕು, ಬಡೀಬೇಕು, ಹಂಚಿಗಿ ಹಾಕಬೇಕು. ಆಮ್ಯಾಲ ಮುಂದಿಂದು. ಹಂಗ ಮಾಡಿದ್ರೂ ನಲವತ್ತ ರೊಟ್ಟಿ ಆಗ್ತಾವಲ್ರಿ?"

ಮಕ್ಕಳೆಲ್ಲ ಗೊಳ್ಳೆಂದರು. ಟೀಚರೂ ನಕ್ಕುಬಿಟ್ಟರು. "ನಾಳಿಂದ ನೀವ ಪಾಠ ಮಾಡ್ರಿ ಬರ್ರಿ, ಆಯಿ! ಆಯ್ತು, ಒಂದೊಂದ ಉಂಡಿ ಕೊಟ್ಟು ನೋಡ್ತೇನಿ."

ಕೊಟ್ಟರು. ಒಂದು ಲೆಕ್ಕ ಮುಗಿದರೆ ಭಾಗ್ಯ ಎದ್ದು ಹೋಗಿ ತೋರಿಸಬೇಕು, ಬೋರ್ಡು ಒರೆಸಿ ಬಂದು ಮುಂದಿನದು ಮಾಡಬೇಕು. ಬೆರಳಲ್ಲಿ ಕರಿದಾರ ಉರುಳುತ್ತಲೇ ಇರುತ್ತದೆ. ಮೊದಲ ವಾರ ಏನೂ ಆಗಲಿಲ್ಲ. ಎರಡನೇ ವಾರ ಒಂದು ಸಂಜೆ ನೋಟ್‌ಬುಕ್ ಹಿಡಿದು ಓಡಿ ಬಂದಳು.

"ಆಯಿ, ಐದೂ ಮಾಡೇನಿ!"

ಎರಡು ತಪ್ಪಿದ್ದವು. ಆದರೂ ಐದೂ ಇದ್ದವು.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಕೆಲವು ದಿನ ಒಂದು ಲೆಕ್ಕವೂ ಆಗುವುದಿಲ್ಲ. ಡಾಕ್ಟರು ಮತ್ತೆ ಬರಹೇಳಿದ್ದಾರೆ. ಇಂದು ಮುಂಜಾನೆ ಮಾತ್ರ ನಾನು ಕರೆಯುವ ಮೊದಲೇ ಚೀಲ ಹಾಕಿಕೊಂಡು ಹೊರಟಳು. ಕಾಲು ನೋಡಿದೆ. ಎರಡೂ ಚಪ್ಪಲಿ ಇದ್ದವು. ಎಡದ್ದು ಬಲಗಾಲಿಗೆ, ಬಲದ್ದು ಎಡಗಾಲಿಗೆ.

ನಾನು ಕೂಗಲಿಲ್ಲ. ಶಾಲೆಯ ಕಡೆಗೆ ಓಡುತ್ತಿದ್ದಳಲ್ಲ.