ಹರಿವಿಯ ಕೆಳಗಿನ ಕಪ್ಪೆಗಳು

ಈ ಓದು ನನ್ನಿಂದ ಆಗುವುದಿಲ್ಲ ಎಂದವನು ನನ್ನ ಸೋದರಮಾವ. ನಾನು ರಾಯಚೂರಿನ ಕಾಲೇಜಿಗೆ ಪ್ರಾಣಿಶಾಸ್ತ್ರ ಓದಲು ಹೊರಟಾಗ ದೇವದುರ್ಗದ ನಮ್ಮ ಅಂಗಳದಲ್ಲಿ ಬೀಡಿ ಹಚ್ಚಿಕೊಂಡು ನಕ್ಕಿದ್ದ.

“ಕಪ್ಪಿ ಸತ್ತದ್ದಕ್ಕ ಜ್ವರ ಬಂದು ಮಲಗಿದಾಕಿ ನೀನು. ಅಲ್ಲಿ ಕಪ್ಪಿ ಕೊಯ್ಯಾಕ ಹಚ್ಚತಾರಂತ. ಕೊಯ್ದಂಗ ಆತು ಬಿಡು!”

ಜ್ವರ ಬಂದದ್ದು ನಿಜ. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರಿವಿಯನ್ನು ಹಸಿ ಉಸುಕಿನ ಮೇಲೆ ಕೂಡಿಸುತ್ತಿದ್ದರು. ಆ ಉಸುಕಿನಲ್ಲಿ ಎರಡು ಕಪ್ಪೆ ಇದ್ದವು. ನಾನು ಗೆದ್ದಲು ಹಿಡಿದು ತಂದರೆ ದೊಡ್ಡದು ನನ್ನ ಬೆರಳ ತುದಿಯಿಂದಲೇ ತಿನ್ನುತ್ತಿತ್ತು. ಸಣ್ಣದಕ್ಕೆ ಅಂಜಿಕೆ, ಹರಿವಿಯ ಹಿಂದೆ ಸರಿದು ಕಣ್ಣಷ್ಟೇ ತೋರಿಸುತ್ತಿತ್ತು. ಅದೇ ನನಗೆ ಹೆಚ್ಚು ಇಷ್ಟ.

ಒಂದು ವರ್ಷ ಮಳೆ ತಡವಾಯಿತು. ಅಂಥ ವರ್ಷ ಮಳೆ ಕರೆಯಲು ನಮ್ಮ ಓಣಿಯವರು ಒನಕೆಗೆ ಬೇವಿನ ಸೊಪ್ಪು ಸುತ್ತಿ, ಅದಕ್ಕೆ ಕಪ್ಪೆ ಕಟ್ಟಿ ಹೊತ್ತು ತಿರುಗುತ್ತಿದ್ದರು. ಪ್ರತಿ ಮನೆಯವರೂ ಅದರ ಮೇಲೆ ಒಂದು ಚೆಂಬು ನೀರು ಸುರಿಯಬೇಕು. ಆ ಸಲ ಹೊಂಡಗಳೆಲ್ಲ ಬತ್ತಿ ಎಲ್ಲೂ ಕಪ್ಪೆ ಸಿಗಲಿಲ್ಲ. ಮಾವನೇ ನಮ್ಮ ಉಸುಕಿಗೆ ಕೈ ಹಾಕಿ ಎರಡನ್ನೂ ಹಿಡಿದ.

“ಅಳಬ್ಯಾಡಬೇ, ಸಂಜಿಗಿ ತಂದು ಬಿಡ್ತೀನಿ.”

ನಾನು ಒನಕೆಯ ಹಿಂದೆಯೇ ನಡೆದೆ. ಮೊದಲ ಮನೆಗಳಲ್ಲಿ ಚೆಂಬು ತುಂಬ ನೀರು ಬಿತ್ತು. ಮುಂದೆ ಅರ್ಧ ಚೆಂಬು. ಓಣಿಯ ಕೊನೆಗೆ ಬರುವಷ್ಟರಲ್ಲಿ ಹೆಂಗಸರು ಕೈ ಅದ್ದಿ ಹನಿ ಚಿಮುಕಿಸಿದರು. ಅವರ ಕೊಡಗಳಲ್ಲೂ ನೀರಿರಲಿಲ್ಲ. ಬಿಸಿಲಿಗೆ ಸಣ್ಣದರ ಬೆನ್ನು ಒಣಗಿತ್ತು.

ಬಿಚ್ಚಿದಾಗ ಎರಡೂ ಸತ್ತಿದ್ದವು. ಇನ್ನು ಮಳೆ ಬಾರದೆಂದು ಎಲ್ಲರ ಮುಖ ಕಪ್ಪಿಟ್ಟಿತು. ಮುದುಕಿಯೊಬ್ಬಳು ಮಾವನನ್ನು ಬೈದಳು: “ಹುಚ್ಚಪ್ಪಾ, ಮನ್ಯಾಗ ಸಾಕಿದ ಕಪ್ಪಿ ಕಟ್ತಾರೇನೋ? ಅದಕ್ಕ ಹರಿವಿ ನೀರು ಗೊತ್ತದ, ಮಳಿ ಏನು ಗೊತ್ತದ?”

ಆಮೇಲೆ ಹರಿವಿಯ ಕೆಳಗೆ ಕಪ್ಪೆ ಬರಲಿಲ್ಲ.

ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿ, ಔಷಧದ ನೀರು ತುಂಬಿದ ಗಾಜಿನ ಭರಣಿಯಲ್ಲಿ ಒಂದು ಸಾಲಮ್ಯಾಂಡರ್ ಇತ್ತು. ಬಾಲವಿರುವ ಇದು ಕಪ್ಪೆಯ ದೂರದ ಬಳಗ, ನಮ್ಮ ಸೀಮೆಯಲ್ಲಿ ಸಿಗುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಬಿಳಿಚಿಕೊಂಡು, ಗಾಜಿಗೆ ಅಂಗೈ ಒತ್ತಿ ನಿಂತಿತ್ತು. ಮೂಲೆಯ ತೊಟ್ಟಿಯಲ್ಲಿ ಜೀವಂತ ಕಪ್ಪೆಗಳು. ಅಲ್ಲಿಂದ ನಮ್ಮ ಹರಿವಿಯ ಉಸುಕಿನದೇ ವಾಸನೆ. ಕತ್ತರಿ ಹಿಡಿದರೆ ಗೆರೆ ತಪ್ಪಿ, ಕೊಯ್ದದ್ದೆಲ್ಲ ಕೆಡುತ್ತಿತ್ತು.

ಕೊನೆಯ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದದ್ದೂ ಕಪ್ಪೆಯೇ. ಇದರಲ್ಲಿ ಫೇಲಾದರೆ ಡಿಗ್ರಿ ಇಲ್ಲ. ಅವ್ವ ಹೊಲದಲ್ಲಿ ಕಳೆ ಕಿತ್ತು ಓದಿಸಿದ್ದು ನೀರಿಗೆ ಹೋಗುತ್ತದೆ, ನಾಳೆಯಿಂದ ನಾನೂ ಅವಳ ಸಾಲಿನಲ್ಲಿ ಕೂರಬೇಕು. ತಟ್ಟೆಯಲ್ಲಿ ಸತ್ತು ಮಲಗಿದ ಕಪ್ಪೆಯ ಬೆನ್ನು ಒಣಗುತ್ತಿತ್ತು. ಏನೂ ತೋಚದೆ, ಬೊಗಸೆಯಲ್ಲಿ ನೀರು ತಂದು ಅದರ ಮೇಲೆ ಸುರಿದೆ. ಮತ್ತೊಂದು ಬೊಗಸೆ. ಆ ಓಣಿಯ ಕೊನೆಗೆ ಕಡಿಮೆ ಬಿದ್ದದ್ದೆಲ್ಲ ಸುರಿದೆ.

ಪರೀಕ್ಷಕರು ಹತ್ತಿರ ಬಂದರು. “ಏನಮ್ಮ ಇದು?”

“ಒಣಗಬಾರದ್ರೀ ಸರ್.”

“ಹೂಂ. ಕೊಯ್ಯಿ.”

ಅಂಜಿಕೆ ಹೋಗಲಿಲ್ಲ. ಆದರೆ ಈ ಸಲ ಗೆರೆ ತಪ್ಪದೆ ಕೊಯ್ದೆ.

ಸರ್ಟಿಫಿಕೇಟು ತರಲು ಮಾವನೇ ಜತೆಗೆ ರಾಯಚೂರಿಗೆ ಬಂದ. ಆಫೀಸಿನ ಕಿಟಕಿಯಿಂದ ಅದು ನನ್ನ ಕೈಗೆ ಬಂತು, ನಾನು ಅವನ ಕೈಗಿಟ್ಟೆ. ಧೋತರಕ್ಕೆ ಅಂಗೈ ಒರೆಸಿಕೊಂಡು ಹಿಡಿದ. ಓದಲು ಬಾರದವನು ಬಹಳ ಹೊತ್ತು ನೋಡಿದ. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ:

“ಹರಿವಿ ಕೆಳಗ ಮತ್ತೊಂದು ಬಂದು ಕುಂತದವ್ವಾ. ಓಣ್ಯಾಗ ಯಾರಿಗೂ ಹೇಳಬ್ಯಾಡ.”