ಸಂತೆಯ ನಾಡಿ

ಪೆರಿಯಸಾಮಿ ಗೌಡರ ಬಲಗೈಗೆ ಒಂದು ಗುಟ್ಟಿನ ಚಾಳಿ ಇತ್ತು. ಅನ್ನೂರು, ಕಾಂಗೇಯಂ, ಕಿಣತ್ತುಕಡವು ಎಂದು ವಾರವಿಡೀ ದನದ ಸಂತೆ ಸುತ್ತುವ ದಳ್ಳಾಳಿ ಅವರು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ದಳ್ಳಾಳಿಯೂ ಒಂದು ಟವಲಿನಡಿ ಕೈ ಸೇರಿಸಿ, ಬೆರಳು ಹಿಡಿದು, ಒತ್ತಿ, ಮಡಚಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವಲು ಅಲುಗಾಡುವುದಷ್ಟೇ ಕಾಣುತ್ತದೆ. ಉಳಿದ ದಳ್ಳಾಳಿಗಳು ಬೆರಳಿಗೇ ನಿಲ್ಲಿಸುತ್ತಿದ್ದರು. ಗೌಡರ ಕೈ ಮಾತ್ರ ಇನ್ನೆರಡು ಅಂಗುಲ ಮೇಲೆ ಹೋಗಿ ಎದುರಿನವನ ಮಣಿಕಟ್ಟಿನ ನರದ ಮೇಲೆ ಕೂರುತ್ತಿತ್ತು.

"ಈ ಎತ್ತು ಒದೆಯುತ್ತಾ?" ಎಂದು ಏನೂ ಅರಿಯದವರಂತೆ ಕೇಳುವರು. "ಅಯ್ಯೋ ಸಾಮಿ, ಹಸುಗೂಸು ಅದು" ಎಂದು ಬಾಯಿ ಹೇಳುವಾಗ ನಾಡಿ ಎದ್ದುಬಿದ್ದು ಓಡಿದರೆ, ಎತ್ತು ಒದೆಯುತ್ತದೆ ಎಂದೇ ಲೆಕ್ಕ. ಬಾಯಿ ಸುಳ್ಳು ಹೇಳಬಹುದು, ನರ ಹೇಳಲಾರದು ಎಂಬುದು ಮೂವತ್ತು ವರ್ಷದ ಸಂತೆ ಅವರಿಗೆ ಕಲಿಸಿದ ವಿದ್ಯೆ. ಆ ವಿದ್ಯೆಯನ್ನು ಅವರು ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಡಲು ನಂಬಿಕಸ್ಥನೊಬ್ಬ ಸಿಗಬೇಕಲ್ಲ.

ಗೌಡರ ಅನುಮಾನಕ್ಕೆ ಗಡಿ ಇರಲಿಲ್ಲ. ಕಂಡಕ್ಟರು ಕೊಟ್ಟ ಟಿಕೆಟ್ಟನ್ನು ಬಿಸಿಲಿಗೆ ಹಿಡಿದು ನೋಡುವರು. ಗಿರಣಿಯಿಂದ ಬಂದ ಕೊಬ್ಬರಿ ಎಣ್ಣೆಯನ್ನು ಮೂಸಿ, ನೆಕ್ಕಿ, ಆಮೇಲೆ ಹೆಂಡತಿ ಅಂಗಮ್ಮನಿಗೂ ನೆಕ್ಕಿಸುವರು. ಮನೆಯಲ್ಲಿ ಏನಾದರೂ ಕೇಳಬೇಕಾದರೂ ಮಣಿಕಟ್ಟು ಹಿಡಿದೇ ಕೇಳುವರು. ಮಗಳು ಮಲ್ಲಿಗಾ ಟೈಲರಿಂಗ್ ಕ್ಲಾಸಿನಿಂದ ಕಾಲು ಗಂಟೆ ತಡವಾಗಿ ಬಂದರೆ, "ಎಲ್ಲಿ ಓಗಿದ್ದೆ?" ಎನ್ನುತ್ತಲೇ ಕೈ ಹಿಡಿಯುವರು. ಬಸ್ಸು ಬರಲಿಲ್ಲ ಎಂದು ಅವಳು ನಿಜ ಹೇಳಿದರೂ ನಾಡಿ ದಡಬಡಿಸುತ್ತಿತ್ತು. ಆದ್ದರಿಂದ ಈ ಹುಡುಗಿ ಏನೋ ಮುಚ್ಚಿಡುತ್ತಾಳೆ ಎಂದು ಗೌಡರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಎಂಬತ್ನಾಲ್ಕನೇ ಇಸವಿಯ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಮಲ್ಲಿಗಾಳಿಗೆ ಒಂದು ಸಂಬಂಧ ಬಂತು. ಹುಡುಗ ಕೃಷ್ಣಸಾಮಿ, ಪಕ್ಕದ ಊರಿನ ತಮ್ಮವರದೇ ಬೇಸಾಯದ ಮನೆ. ಮೀಸೆ ಮೂಡುವ ಮೊದಲಿನಿಂದಲೂ ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಊರಿನಿಂದ ಅನ್ನೂರಿಗೆ ತುಳಿಯುತ್ತಿದ್ದವನು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಮಳೆಯಾದರೂ ಬಿಸಿಲಾದರೂ. ಮಲ್ಲಿಗಾ ಅವನನ್ನು ಬಸ್ ಸ್ಟಾಂಡಿನ ಹತ್ತಿರ ನೋಡಿದ್ದಳು. ಮನಸ್ಸಾಗಿತ್ತು. ಅದನ್ನು ತಾಯಿಗೆ ಮಾತ್ರ ಹೇಳಿದ್ದಳು.

ಹುಡುಗನ ಕಡೆಯವರು ಬಂದು ಜಗಲಿಯಲ್ಲಿ ಕುಳಿತರು. ಕಾಫಿ ಆಯಿತು. ಎರಡು ಮನೆಯವರೂ ಉಪ್ಪು ಸಕ್ಕರೆ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾದ ಹಾಗೆ. ಅದಕ್ಕೆ ದಿನ ನೋಡುವುದಷ್ಟೇ ಬಾಕಿ. ಹೊರಡುವಾಗ ಗೌಡರು ಹುಡುಗನ ಕೈ ಹಿಡಿದು, "ಏನ್ ಮಾಪಿಳ್ಳೆ, ಕುಡಿಯೋ ಗಿಡಿಯೋ ಚಾಳಿ ಏನೂ ಇಲ್ಲವಲ್ಲ?" ಎಂದು, ಆಗಲೇ ಅಳಿಯನಾದವನನ್ನು ಕರೆಯುವ ಹಾಗೆ, ನಗುನಗುತ್ತಾ ಕೇಳಿದರು. ಬೆರಳು ತನ್ನ ಜಾಗಕ್ಕೆ ತಾನೇ ಹೋಗಿ ಕುಳಿತಿತ್ತು.

"ಇಲ್ಲ ಮಾಮ," ಎಂದ ಕೃಷ್ಣಸಾಮಿ.

ನಾಡಿ ಓಡಲಿಲ್ಲ. ಓಡದಿದ್ದರೆ ಹೋಗಲಿ, ಅದು ನಡೆಯುತ್ತಲೂ ಇರಲಿಲ್ಲ. ದಪ್ಪಗೆ ಒಂದು ಏಟು, ಆಮೇಲೆ ಸುದೀರ್ಘ ಮೌನ. ಇನ್ನು ಬರುವುದೇ ಇಲ್ಲವೇನೋ ಎನ್ನುವಷ್ಟರಲ್ಲಿ ಮತ್ತೊಂದು ಏಟು. ಗೌಡರ ನಗು ಮುಖದಲ್ಲೇ ಒಣಗಿತು. ಸಾವಿರಾರು ಕೈ ಹಿಡಿದವರು ಅವರು. ಇಂಥ ನಾಡಿಯನ್ನು ಮನುಷ್ಯರಲ್ಲಿ ಕಂಡಿರಲಿಲ್ಲ.

ದನದಲ್ಲಿ ಕಂಡಿದ್ದರು. ತುಂಟ ಎತ್ತನ್ನು ಸಂತೆಗೆ ತರುವವರು ಬೆಳಗ್ಗೆಯೇ ಬೆಲ್ಲದೊಳಗೆ ಅಫೀಮು ಇಟ್ಟು ತಿನ್ನಿಸಿ ತರುತ್ತಾರೆ. ಎತ್ತು ಋಷಿಯ ಹಾಗೆ ನಿಂತಿರುತ್ತದೆ. ಬಾಲದ ಬುಡದಲ್ಲಿ ಬೆರಳಿಟ್ಟರೆ ನಾಡಿ ಹೀಗೆಯೇ ತೂಕಡಿಸುತ್ತಿರುತ್ತದೆ. ಕೊಂಡು ಮನೆಗೆ ಹೊಡೆದುಕೊಂಡು ಹೋದ ಮೇಲೆ ತಾನೇ ಅದರ ನಿಜ ಗುಣ ಗೊತ್ತಾಗುವುದು.

"ಹುಡುಗನಿಗೆ ಏನೋ ತಿನ್ನಿಸಿ ಕರಕೊಂಡು ಬಂದವ್ರೆ," ಎಂದರು ಅಂಗಮ್ಮನಿಗೆ. "ಇಲ್ಲಾಂದ್ರೆ ಎದೆಯಲ್ಲೇ ಏನೋ ಕೋಳಾರು, ಕಾಯಿಲೆ ಇರಬೇಕು. ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟೋಕೆ ಬಂದವ್ರೆ."

"ನಿಮಗೆ ಯಾರನ್ನ ಕಂಡ್ರೂ ಹಿಂಗೇ," ಎಂದಳು ಅಂಗಮ್ಮ. "ಹುಡುಗ ಚೆನ್ನಾಗವ್ನೆ. ದಿನ ಹೇಳಿಬಿಡಿ."

ದಿನ ಹೇಳಲಿಲ್ಲ ಗೌಡರು. ಹುಡುಗನ ಮನೆಯಿಂದ ಎರಡು ಸಲ ಆಳು ಬಂದು ಹೋಯಿತು. ಸಂತೆಗೆ ಚಕ್ಕರ್ ಹೊಡೆದು ಗೌಡರು ಹಾಲಿನ ಡಿಪೋ ಎದುರಿನ ಟೀ ಅಂಗಡಿಯಲ್ಲಿ ಕಾದು ಕುಳಿತರು. ಕೃಷ್ಣಸಾಮಿ ಒಳಗೆ ಹೋದಾಗ ಅವನ ಸೈಕಲ್ಲಿನ ಚೀಲಕ್ಕೆ ಕೈ ಹಾಕಿದರು. ಪಂಕ್ಚರ್ ಹಾಕುವ ಸಾಮಾನು, ಒಂದು ಬಾಳೆಹಣ್ಣು, ಅಷ್ಟೆ. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಏನೂ ಸಿಗಲಿಲ್ಲವೆಂದರೆ ಹುಡುಗ ಭಾರಿ ಹುಷಾರಿನವನು ಎಂದು ಗೌಡರಿಗೆ ಇನ್ನಷ್ಟು ದಿಗಿಲಾಯಿತು.

ಇತ್ತ ಮಲ್ಲಿಗಾ ಊಟ ಬಿಟ್ಟಳು. ಅಪ್ಪ ಹೊರಗಿನಿಂದ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪನ ಬಾಯಿಂದ 'ಬೇಡ' ಎಂಬ ಮಾತು ಬಂದರೆ ಮುಗಿಯಿತು, ಆ ಮನೆಯಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಕೊನೆಗೆ ಗೌಡರು ಒಂದು ಉಪಾಯ ಮಾಡಿದರು. "ತಲೆ ಸುತ್ತು ಬತ್ತದೆ, ಡಾಕ್ಟರ ತಾವ ಜೊತೆಗೆ ಬಾಪ್ಪಾ," ಎಂದು ಕೃಷ್ಣಸಾಮಿಯನ್ನು ಅನ್ನೂರಿನ ಸೋಮಸುಂದರಂ ಡಾಕ್ಟರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ನೇಯ್ಗೆಯ ಮನೆತನದವರು, ಗೌಡರ ಹಾಗೆ ಅವರದೂ ಮನೆಮಾತು ಕನ್ನಡವೇ. ಒಳಗೆ ಹೋದ ಗೌಡರು ಬಾಗಿಲು ಮುಚ್ಚಿ, ತಲೆಸುತ್ತನ್ನು ಮರೆತು, ಅಫೀಮಿನ ವಿಷಯವನ್ನೆಲ್ಲ ಪಿಸುಮಾತಿನಲ್ಲಿ ಹೇಳಿದರು.

ಡಾಕ್ಟರು ಹುಡುಗನನ್ನು ಕರೆಸಿ, ಕೂರಿಸಿ, ಅದೂ ಇದೂ ಮಾತಾಡಿ, ಆಮೇಲೆ ಸುಮ್ಮನಿರಲು ಹೇಳಿ, ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ಕಣ್ಣು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ತಲೆ ಸುತ್ತುತ್ತದೆಯೇ, ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದೀಯಾ ಎಂದು ಕೇಳಿ, ಇಲ್ಲ ಎನ್ನಿಸಿಕೊಂಡು ಹೊರಗೆ ಕಳಿಸಿದರು.

"ನಿಮಿಷಕ್ಕೆ ಐವತ್ನಾಲ್ಕು," ಎಂದರು. "ಅಫೀಮೂ ಇಲ್ಲ, ರೋಗವೂ ಇಲ್ಲ ಗೌಡ್ರೇ. ಸುಮ್ಮನೆ ಕೂತಿರೋ ಮನುಷ್ಯನಿಗೆ ನಾಡಿ ಅರುವತ್ತರಿಂದ ನೂರರ ಒಳಗೆ ಇರೋದು ವಾಡಿಕೆ. ಈ ಹುಡುಗ ಇಷ್ಟು ವರ್ಷ ಸೈಕಲ್ ತುಳಿದವನು, ಹೃದಯ ಗಟ್ಟಿಯಾಗಿದೆ. ಒಂದೇ ಏಟಿಗೆ ಜಾಸ್ತಿ ರಕ್ತ ತಳ್ಳುತ್ತೆ, ಅದಕ್ಕೇ ಏಟು ಕಮ್ಮಿ. ಆಟಗಾರರಿಗೆಲ್ಲ ಹೀಗೇ ಇರುತ್ತೆ."

"ನಾನು ಸಾವಿರಾರು ಕೈ ಹಿಡಿದೋನು ಡಾಕ್ಟ್ರೇ. ಒಬ್ಬನಿಗೂ ಹಿಂಗಿರಲಿಲ್ಲ."

"ಎಲ್ಲಿ ಹಿಡಿದಿರಿ?"

ಗೌಡರು ತಡವರಿಸಿದರು. "ಸಂತೆಯಲ್ಲಿ."

ಡಾಕ್ಟರು ಜೋರಾಗಿ ನಕ್ಕುಬಿಟ್ಟರು. "ವ್ಯಾಪಾರ ಮಾಡೋವಾಗ ಯಾರ ನಾಡಿ ನೆಟ್ಟಗಿರುತ್ತೆ? ಬಿಸಿಲಲ್ಲಿ ನಡೆದು ಬಂದು, ಟೀ ಕುಡಿದು, ಮೋಸ ಹೋದೇನು ಅನ್ನೋ ದಿಗಿಲಲ್ಲಿ ನಿಂತಿರ್ತಾರೆ. ನಿಜ ಹೇಳೋನಿಗೂ ಓಡುತ್ತೆ, ಸುಳ್ಳು ಹೇಳೋನಿಗೂ ಓಡುತ್ತೆ. ಅದನ್ನ ನೀವು ಮಾಮೂಲಿ ನಾಡಿ ಅಂದ್ಕೊಂಡಿದ್ದೀರಿ. ಐದು ನಿಮಿಷ ಸುಮ್ಮನೆ ಕೂರಿಸಿ, ಮಾತಾಡಿಸದೆ, ಹೆದರಿಸದೆ ಒಂದು ನಿಮಿಷ ಪೂರ್ತಿ ಎಣಿಸಿ. ಆಗ ಸಿಗೋದು ನಿಜವಾದ ಲೆಕ್ಕ."

ಗೌಡರು ಸರಿ ಎಂದು ತಲೆಯಾಡಿಸಿ ಹೊರಬಂದರು. ಬಸ್ಸಿಗೆ ಕಾಯುವಾಗ ಹುಡುಗನನ್ನು ಹಗುರವಾಗಿ ಕೇಳಿದರು, "ಡಾಕ್ಟರ ಮನೆಗೆ ಹಾಲು ಯಾರಪ್ಪಾ ಆಕೋದು?"

"ನಾನೇ ಮಾಮ," ಎಂದ ಕೃಷ್ಣಸಾಮಿ.

ಓಹೋ, ಹಾಗೋ ವಿಷಯ! ಗೌಡರು ಬಸ್ಸಿನುದ್ದಕ್ಕೂ ಹಲ್ಲು ಕಡಿದರು. ಹಾಲಿನ ಋಣಕ್ಕೆ ಡಾಕ್ಟರು ಮಾತಾಡಿದ್ದಾರೆ. ಇನ್ನು ಯಾರನ್ನೂ ನಂಬುವುದು ಬೇಡ, ತಾವೇ ಎಣಿಸಿ ನೋಡಬೇಕು.

ಮನೆಗೆ ಬಂದವರೇ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, ಅಂಗಮ್ಮನನ್ನು ಮಣೆಯ ಮೇಲೆ ಕೂರಿಸಿದರು. ಡಾಕ್ಟರು ಹೇಳಿದ ಹಾಗೆಯೇ ಮಾತಾಡಿಸಲಿಲ್ಲ, ಗದರಲಿಲ್ಲ. ಗಂಡ ಹೀಗೆ ಬಾಯಿ ಮುಚ್ಚಿ ತನ್ನನ್ನೇ ನೋಡುತ್ತಾ ಕುಳಿತದ್ದನ್ನು ಅಂಗಮ್ಮ ಕಂಡವಳೇ ಅಲ್ಲ. ಎಣಿಸಿದರೆ ನೂರಕ್ಕೂ ಮೇಲೆ. ಮಲ್ಲಿಗಾಳನ್ನು ಕರೆದರು. ಅವಳದು ಇನ್ನೂ ಮುಂದೆ, ನೂರ ಹದಿನೈದರ ಹತ್ತಿರ. ನೋಡಿ, ಇದೇ ಮನುಷ್ಯರ ನಾಡಿ, ಡಾಕ್ಟರು ಸುಳ್ಳು ಹೇಳಿದ್ದಾರೆ ಎಂದು ಗೌಡರು ಗೆದ್ದ ಗತ್ತಿನಲ್ಲಿ ಎದ್ದರು. ಸಾಕ್ಷಿ ಪೂರ್ತಿಯಾಗಲಿ ಎಂದು ಪಕ್ಕದ ಮನೆಯ ಜಾನಮ್ಮಜ್ಜಿಯ ಕೈಯನ್ನೂ ಹಿಡಿದರು. "ಸಾಯೋದು ಎಂದು ಅಂತ ನೋಡ್ತೀಯೇನೋ?" ಎಂದು ಬೈಯುತ್ತಲೇ ಅಜ್ಜಿ ಕೈ ಕೊಟ್ಟಳು. ಎಪ್ಪತ್ತೆರಡು. ಅವಳ ಮಗನದು ಎಪ್ಪತ್ತು. ತಮ್ಮ ಕೈಯನ್ನು ತಾವೇ ಹಿಡಿದು ನೋಡಿಕೊಂಡರೆ ಎಪ್ಪತ್ತೆಂಟು.

ಗೌಡರು ಎಲ್ಲರ ಲೆಕ್ಕವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. ಡಾಕ್ಟರ ಲೆಕ್ಕ ಸರಿಯಾಗಿದ್ದರೆ ಹುಡುಗನಿಗಲ್ಲ, ತಮ್ಮ ಹೆಂಡತಿ ಮಗಳಿಗೇ ಎದೆಯ ರೋಗ. ಮಾರನೆಯ ಬೆಳಗ್ಗೆಯೇ ಇಬ್ಬರನ್ನೂ ಬಸ್ಸು ಹತ್ತಿಸಿದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು, "ನೀವು ಹೊರಗಿರಿ ಗೌಡ್ರೇ," ಎಂದರು. ಒಳಗೆ ಅಂಗಮ್ಮನನ್ನು ಕೂರಿಸಿ, ಊರು ಕೇರಿ ವಿಚಾರಿಸಿ, ಸ್ವಲ್ಪ ಹೊತ್ತಿನ ಮೇಲೆ ಎಣಿಸಿದರು. ಎಪ್ಪತ್ನಾಲ್ಕು. ಆಮೇಲೆ ಮಲ್ಲಿಗಾಳ ಎಡಗೈ ಹಿಡಿದರು. ಎಪ್ಪತ್ತಾರು. ಅನುಮಾನ ಬಂದು ಇನ್ನೊಮ್ಮೆ ಎಣಿಸಿದರು, ಅಷ್ಟೇ ಇತ್ತು.

ಹೊರಗೆ ಗೌಡರಿಗೆ ಕಾಲು ನಿಲ್ಲಲಿಲ್ಲ. ಬಾಗಿಲು ತಳ್ಳಿ ಬಂದರು. "ಎಷ್ಟೈತೆ ಡಾಕ್ಟ್ರೇ?" ಎನ್ನುತ್ತಾ, ಯಾರ ಲೆಕ್ಕವನ್ನೂ ನಂಬದ ಅವರ ಕೈ ಮಗಳ ಬಲ ಮಣಿಕಟ್ಟನ್ನು ಹಿಡಿದೇಬಿಟ್ಟಿತು.

ಡಾಕ್ಟರ ಬೆರಳು ಎಡಗೈಯ ಮೇಲೇ ಇತ್ತು. ಅವರ ಹುಬ್ಬು ಮೇಲೇರಿತು. "ಗೌಡ್ರೇ," ಎಂದರು ಮೆಲ್ಲಗೆ, "ಕೈ ತೆಗೀರಿ ನೋಡೋಣ. ಸ್ವಲ್ಪ ಹಿಂದೆ ಹೋಗಿ ನಿಂತ್ಕೊಳ್ಳಿ."

ಗೌಡರು ಗೋಡೆಯವರೆಗೆ ಹೋದರು. ಡಾಕ್ಟರು ಗಡಿಯಾರ ನೋಡುತ್ತಾ ಮತ್ತೆ ಎಣಿಸಿದರು.

"ಈಗ ಇಳೀತಾ ಇದೆ," ಎಂದರು ಡಾಕ್ಟರು. "ರೋಗ ಏನೂ ಇಲ್ಲ. ನೀವು ಮುಟ್ಟಿದ ಕೂಡಲೇ ಓಡುತ್ತೆ, ಅಷ್ಟೇ. ಏನಮ್ಮಾ, ಯಾತಕ್ಕೆ ಇಷ್ಟು ಭಯ?"

ಮಲ್ಲಿಗಾ ತಲೆ ತಗ್ಗಿಸಿಕೊಂಡಳು. ಅಂಗಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟಳು.

"ಅಪ್ಪ ಆ ಸಂಬಂಧ ಬೇಡ ಅಂದ್ಬಿಡ್ತಾರೆ ಅಂತ," ಎಂದಳು ಹುಡುಗಿ. "ಆದ್ರೆ ಇದು ಇವತ್ತಿಂದಲ್ಲ ಡಾಕ್ಟ್ರೇ. ಚಿಕ್ಕವಳಾಗಿದ್ದಾಗಿಂದ ಅಪ್ಪ ಕೈ ಹಿಡಿದ್ರೆ ನಂಗೆ ಹಿಂಗೇ ಆಗೋದು. ನಿಜ ಹೇಳಿದ್ರೂ ನಂಬಾಕಿಲ್ಲ."

ಗೌಡರು ಅಂಗಮ್ಮನ ಮುಖ ನೋಡಿದರು. ಅವಳು ಬೇರೆಡೆ ನೋಡುತ್ತಾ ತನ್ನ ಮಣಿಕಟ್ಟನ್ನೂ ಸೆರಗಿನಡಿ ಎಳೆದುಕೊಂಡಳು. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಬಾಳಿದ ಇಬ್ಬರು, ಗೌಡರ ಬೆರಳಿನಡಿಯಲ್ಲಿ ಒಂದು ದಿನವೂ ನೆಮ್ಮದಿಯಾಗಿ ಇರಲಿಲ್ಲ. ಮನೆಯವರೆನ್ನಿಸಿಕೊಳ್ಳುವವರಲ್ಲಿ ತಮಗೆ ಹೆದರದೆ ಕೈ ಕೊಟ್ಟವನು ಆ ಹಾಲಿನ ಹುಡುಗನೊಬ್ಬ, ಅವನನ್ನೇ ತಾವು ಕಳ್ಳನೆಂದು ಬಗೆದದ್ದು. ಗೌಡರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

"ಬರೋ ಬುಧವಾರ ಉಪ್ಪು ಸಕ್ಕರೆ ಮಾಡ್ಕೊಳ್ಳೋಣ," ಎಂದರು.

ಮಲ್ಲಿಗಾ ತಟ್ಟನೆ ತಲೆಯೆತ್ತಿದಳು. ನಂಬಲೋ ಬೇಡವೋ ಎಂದು ಅಪ್ಪನ ಮುಖವನ್ನು ಹುಡುಕಿದಳು. ಗೌಡರು ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದರು, ಅವಳೂ ಹಳೆಯ ಅಭ್ಯಾಸದಂತೆ ಮಣಿಕಟ್ಟನ್ನು ಮೇಲೆ ಮಾಡಿ ಕೊಟ್ಟಳು. ಗೌಡರ ಕೈ ಅರ್ಧದಲ್ಲೇ ನಿಂತಿತು. ನಾಡಿ ನೋಡದೆ ಮಗಳ ಕೈಯನ್ನು ಹಿಡಿಯುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.